ಗಾಲ್ಫ್ ಹುಲ್ಲಿನ ಕೆಳಗೆ ಗೊಣ್ಣೆ ಹುಳ: ಯಾವಾಗ ನೋಡಬೇಕು, ಹೇಗೆ ಎಣಿಸಬೇಕು

ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ. ಫೇರ್‌ವೇ, ಅಂದರೆ ಚೆಂಡು ಹೊಡೆಯುತ್ತಾ ಸಾಗುವ ಹುಲ್ಲಿನ ಹಾದಿಯ ಅಂಚಿನಲ್ಲಿ ಒಂದು ಮಂಚದಷ್ಟು ಜಾಗ ಹಳದಿಯಾಗಿತ್ತು. ಹಿಂದಿನ ವಾರವಷ್ಟೇ ಒಳ್ಳೆ ಮಳೆ ಬಿದ್ದಿತ್ತು. ಆದರೂ ಅಲ್ಲಿನ ಹುಲ್ಲು ಬಿರುಬೇಸಿಗೆಯಲ್ಲಿ ಬಾಡಿದ ಹಾಗೆ ಕಾಣುತ್ತಿತ್ತು. "ಸ್ಪ್ರಿಂಕ್ಲರ್ ಕಟ್ಕೊಂಡಿರ್ಬೇಕು ಸಾರ್, ಪೈಪ್ ಹಾಕಿ ನೀರು ಬಿಡ್ತೀನಿ" ಎಂದರು ನಮ್ಮ ಹಿರಿಯ ಮಾಲಿ. ಮೂರು ದಿನ ನೀರು ಬಿಟ್ಟೆವು. ಹಳದಿ ಹೋಗುವ ಬದಲು ಇನ್ನಷ್ಟು ಹರಡಿತು. ನಾಲ್ಕನೇ ದಿನ ನೋಡಿದರೆ ಕಾಗೆ, ಬೆಳ್ಳಕ್ಕಿ, ಗೊರವಂಕ ಎಲ್ಲ ಅಲ್ಲೇ ಗುಂಪುಗಟ್ಟಿ ಕುಕ್ಕುತ್ತಿವೆ. ಬಗ್ಗಿ, ಎರಡೂ ಕೈಯಲ್ಲಿ ಹುಲ್ಲು ಹಿಡಿದು ಎಳೆದೆ. ಚಾಪೆ ಎತ್ತಿದ ಹಾಗೆ ಇಡೀ ಪದರ ಎದ್ದು ಬಂತು. ಕೆಳಗೆ ಒಂದು ಬೇರೂ ಇರಲಿಲ್ಲ. ಮಣ್ಣಿನಲ್ಲಿ ಬೆಳ್ಳಗೆ, ಕಿರುಬೆರಳಿನಷ್ಟು ದಪ್ಪಕ್ಕೆ, ಮುದುರಿ ಮಲಗಿದ ಗೊಣ್ಣೆ ಹುಳಗಳಿದ್ದವು.

ಅವತ್ತೇ ಸಂಜೆ ಮದ್ದು ಹೊಡೆದೆವು. ಹೆಚ್ಚು ಹುಳ ಸಾಯಲಿಲ್ಲ. ಮದ್ದಿನಲ್ಲಿ ದೋಷ ಇರಲಿಲ್ಲ. ನಾವು ಎರಡು ತಿಂಗಳು ತಡ ಮಾಡಿದ್ದೆವು.

ಹುಲ್ಲು ಹಳದಿಯಾದ ದಿನಕ್ಕೂ ತೊಂದರೆ ಶುರುವಾದ ದಿನಕ್ಕೂ ತಿಂಗಳುಗಟ್ಟಲೆ ಅಂತರ ಇರುತ್ತದೆ. ಸೆಪ್ಟೆಂಬರಿನಲ್ಲಿ ಕಂಡ ಆ ಕಲೆಯ ಕಥೆ ಮೇ ತಿಂಗಳ ಒಂದು ಮಳೆಯ ಸಂಜೆ ಶುರುವಾಗಿತ್ತು. ಆ ಅಂತರವನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಹುಲ್ಲಿನ ಬಗ್ಗೆ ಎರಡು ಮಾತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಂದರೆ ನಮ್ಮಲ್ಲಿ ಈ ಆಟಕ್ಕೆ ಸುಮಾರು ಒಂದೂವರೆ ಶತಮಾನದ ವಯಸ್ಸು. ಆದರೂ ಗಾಲ್ಫ್ ಹುಲ್ಲು ಎಂದರೆ ಹೊರದೇಶದ ಯಾವುದೋ ಅಪರೂಪದ ಹುಲ್ಲು ಎಂದೇ ಹಲವರು ತಿಳಿದಿದ್ದಾರೆ. ಬಿಸಿಲಿನ ಊರುಗಳ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವುದು ಬರ್ಮುಡಾ ಹುಲ್ಲು. ಅದು ಬೇರೇನೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗರಿಕೆಯನ್ನು ಅದರದ್ದೇ ಬಳಗದ ಆಫ್ರಿಕಾದ ಹುಲ್ಲಿನ ಜೊತೆ ಕೂಡಿಸಿ ಹೊಸ ತಳಿಗಳನ್ನು ಮಾಡಿದರು. 1960ರಲ್ಲಿ ಬಂದ ಟಿಫ್‌ವೇ ಅವುಗಳಲ್ಲಿ ಒಂದು.

ಹೊಲದ ಬದುವಿನಲ್ಲಿ ಎಷ್ಟು ಕಿತ್ತರೂ ಸಾಯದ ಗರಿಕೆ ಇಲ್ಲಿ ಯಾಕೆ ಇಷ್ಟು ನಾಜೂಕು? ಉತ್ತರ ಇರುವುದು ಕತ್ತರಿಯಲ್ಲಿ. ಗ್ರೀನ್, ಅಂದರೆ ಚೆಂಡಿನ ಗುಳಿ ಇರುವ ನುಣುಪು ಜಾಗದ ಮೇಲೆ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸುತ್ತೇವೆ. ಎಲೆ ಕಡಿಮೆ ಇದ್ದರೆ ಅಡುಗೆ ಕಡಿಮೆ, ಅಡುಗೆ ಕಡಿಮೆಯಾದರೆ ಬೇರು ಗಿಡ್ಡ. ಗಿಡ್ಡ ಬೇರನ್ನು ಹುಳ ಸ್ವಲ್ಪ ಕಡಿದರೂ ಮೇಲೆ ಕಂಡುಬಿಡುತ್ತದೆ. ಇನ್ನೊಂದು ಕಾರಣ ನೀರು. ಬೇಸಿಗೆಯ ಕೊನೆಯಲ್ಲಿ ಸುತ್ತಲಿನ ನೆಲ ಒಣಗಿ ಬಿರುಕು ಬಿಟ್ಟಿರುವಾಗ ನಮ್ಮ ಮೈದಾನ ಮಾತ್ರ ತಂಪಾಗಿರುತ್ತದೆ. ಗೊಣ್ಣೆ ಹುಳ ದುಂಬಿಯ ಮರಿ. ಮೊಟ್ಟೆ ಇಡಲು ಹಸಿ ಮಣ್ಣು ಹುಡುಕುವ ಆ ದುಂಬಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಈಗ ಹುಳದ ವರ್ಷವನ್ನು ನೋಡೋಣ. ದಕ್ಷಿಣ ಕರ್ನಾಟಕದ ಬಯಲಿನಲ್ಲಿ ಕಬ್ಬು, ನೆಲಗಡಲೆ ಬೆಳೆಯುವವರಿಗೆ ಗೊಣ್ಣೆ ಹುಳ ಹೊಸದಲ್ಲ. ಅವರನ್ನು ಕಾಡುವ ಮುಖ್ಯ ಜಾತಿಯ ಹೆಸರು ಹೊಲೊಟ್ರೈಕಿಯಾ ಸೆರ್ರಾಟಾ. ವರ್ಷಕ್ಕೆ ಒಂದೇ ಪೀಳಿಗೆ. ದುಂಬಿ ನೆಲದೊಳಗೆ ಸುಮ್ನೆ ಕೂತು ಮುಂಗಾರಿಗೆ ಮುಂಚಿನ ಜೋರು ಮಳೆಗಾಗಿ ಕಾಯುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಾರಲ್ಲ, ರೈತ ಕಾಯುವ ಆ ಮಳೆಯನ್ನೇ ದುಂಬಿಯೂ ಕಾಯುತ್ತಿರುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ನಡುವೆ, ಮಣ್ಣು ಚೆನ್ನಾಗಿ ನೆನೆದ ದಿನ, ಕತ್ತಲಾಗುವ ಹೊತ್ತಿಗೆ ಅವು ನೆಲ ಸೀಳಿಕೊಂಡು ಮೇಲೆ ಬರುತ್ತವೆ.

ಆ ಸಂಜೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮಳೆ ನಿಂತಿರುತ್ತದೆ. ಏಳು ಗಂಟೆಯ ಆಸುಪಾಸು. ಬೇವಿನ ಮರದ ಕೆಳಗೆ ನಿಂತರೆ ಮೇಲಿನಿಂದ ಗುಂಯ್ ಎನ್ನುವ ಸದ್ದು. ಟಾರ್ಚ್ ಹಾಕಿದರೆ ಕೆಂಪು ಮಿಶ್ರಿತ ಕಂದು ಬಣ್ಣದ ದುಂಬಿಗಳು ಎಲೆ ಎಲೆಗೂ ಜೋತು ಬಿದ್ದಿರುತ್ತವೆ. ತಿನ್ನುವುದು, ಜೋಡಿಯಾಗುವುದು ಎರಡೂ ಮರದ ಮೇಲೆಯೇ. ಬೇವು, ಜಾಲಿ, ಬೋರೆ ಅವುಗಳಿಗೆ ಇಷ್ಟದ ಮರಗಳು. ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರುತ್ತವೆ. ಹೆಣ್ಣು ದುಂಬಿ ಕೆಲವು ಅಂಗುಲ ಆಳದಲ್ಲಿ ಬಿಡಿ ಬಿಡಿಯಾಗಿ ಮೊಟ್ಟೆ ಇಡುತ್ತದೆ. ಹತ್ತು ದಿನದಿಂದ ಎರಡು ವಾರದೊಳಗೆ ಮರಿ ಹೊರಬರುತ್ತದೆ.

ಆ ಮರಿಹುಳ ಎರಡು ಸಲ ಪೊರೆ ಬಿಟ್ಟು ಮೂರು ಹಂತಗಳಲ್ಲಿ ಬೆಳೆಯುತ್ತದೆ. ಮೊದಲ ಹಂತದಲ್ಲಿ ಮಣ್ಣಿನ ಕೊಳೆತ ಕಸ ಮತ್ತು ಎಳೆ ಬೇರು ತಿಂದು ಬದುಕುತ್ತದೆ. ಆಗ ಮೇಲಿನಿಂದ ನೋಡಿದರೆ ಹುಲ್ಲು ಹಚ್ಚಹಸಿರು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮೂರನೇ ಹಂತ. ಅದರ ಇಡೀ ಜೀವನದಲ್ಲಿ ಅತಿ ಹೆಚ್ಚು ಬೇರು ತಿನ್ನುವುದು ಈಗಲೇ. ಮಳೆಗಾಲ ಮುಗಿಯುತ್ತಿದ್ದಂತೆ ಆಳಕ್ಕೆ ಇಳಿದು ಕೋಶವಾಗುತ್ತದೆ, ದುಂಬಿಯಾಗುತ್ತದೆ, ಮತ್ತೆ ಮುಂದಿನ ವರ್ಷದ ಮಳೆಗೆ ಕಾಯುತ್ತದೆ.

ಈ ಪಂಚಾಂಗವನ್ನು ಮುಂದೆ ಇಟ್ಟುಕೊಂಡರೆ ವಿಷಯ ತಿಳಿಯಾಗುತ್ತದೆ. ಜೂನ್ ಕೊನೆ, ಜುಲೈ ಮೊದಲಲ್ಲಿ ಹುಳ ಸಣ್ಣದು, ಮೇಲ್ಮಣ್ಣಿನಲ್ಲೇ ಇರುತ್ತದೆ, ಮದ್ದು ಬೇಗ ನಾಟುತ್ತದೆ. ಆದರೆ ಹುಲ್ಲಿನ ಮೇಲೆ ಒಂದು ಗುರುತೂ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಗುರುತು ಎದ್ದು ಕಾಣುತ್ತದೆ. ಆದರೆ ಹುಳ ದೊಡ್ಡದಾಗಿ, ಗಟ್ಟಿಯಾಗಿ ಕೂತಿರುತ್ತದೆ. ಕಣ್ಣು ನಂಬಿ ಕೆಲಸ ಮಾಡುವವರು ಯಾವಾಗಲೂ ತಡವಾಗಿಯೇ ಹೋಗುವುದು ಇದಕ್ಕೇ. ಅದಕ್ಕೇ ಕಾಣುವ ಮೊದಲೇ ಹುಡುಕಬೇಕು.

ಹುಡುಕಾಟ ಶುರುವಾಗುವುದು ದುಂಬಿಯಿಂದ. ಮೇ ತಿಂಗಳ ಮೊದಲ ಜೋರು ಮಳೆ ಬಿದ್ದ ಸಂಜೆ ಬೇವು, ಜಾಲಿ ಮರಗಳ ಕೆಳಗೆ ಟಾರ್ಚ್ ಹಿಡಿದು ಓಡಾಡಿ. ಯಾವ ಮರದಲ್ಲಿ ಎಷ್ಟಿವೆ ಎಂದು ಬರೆದಿಡಿ. ಹಳ್ಳಿಗಳಲ್ಲಿ ರೈತರು ಕೊಂಬೆ ಅಲುಗಿಸಿ ದುಂಬಿಗಳನ್ನು ಬೀಳಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುತ್ತಾರೆ. ಊರಿನ ಎಲ್ಲರೂ ಒಟ್ಟಿಗೆ ಮಾಡಿದರೆ ಅದು ತುಂಬಾ ಒಳ್ಳೆಯ ಕೆಲಸ. ಮೊಟ್ಟೆ ಇಡುವ ಮೊದಲೇ ತಾಯಿ ಹೋದರೆ ಮುಂದಿನ ಕಷ್ಟವೇ ಇಲ್ಲ ಅಲ್ವಾ? ಮೈದಾನದೊಳಗಿನ ಹತ್ತಿಪ್ಪತ್ತು ಮರಗಳಿಗೆ ಇದನ್ನು ಮಾಡುವುದು ಕಷ್ಟವೇನಲ್ಲ. ನಾಲ್ಕು ಜನ, ಎರಡು ಬಕೆಟ್, ಮೂರ್ನಾಲ್ಕು ಸಂಜೆ ಸಾಕು.

ದೀಪದ ಬಲೆಯನ್ನೂ ಇಡಬಹುದು. ಬಲ್ಬಿನ ಕೆಳಗೆ ಸೋಪು ನೀರಿನ ತೊಟ್ಟಿ ಇಟ್ಟರೆ ಆಯಿತು. ಬೆಳಗ್ಗೆ ಬಿದ್ದ ದುಂಬಿಗಳನ್ನು ಎಣಿಸಿ ಬರೆಯಬೇಕು. ಸಂಖ್ಯೆ ಏರುತ್ತಾ ಹೋಗಿ ಒಂದು ದಿನ ಇಳಿಯಲು ಶುರುವಾಗುತ್ತದೆ. ಆ ತುದಿ ದಿನದಿಂದ ಮೂರು ನಾಲ್ಕು ವಾರಕ್ಕೆ ಮಣ್ಣಿನಲ್ಲಿ ಮರಿ ಇರುತ್ತದೆ ಎಂದು ಅಂದಾಜು ಮಾಡಬಹುದು. ಆದರೆ ಬಲೆ ಇಟ್ಟ ಮಾತ್ರಕ್ಕೆ ಹುಳದ ಕಾಟ ತೀರಿತು ಎಂದುಕೊಳ್ಳಬೇಡಿ. ಬೆಳಕಿಗೆ ಬಂದ ಎಲ್ಲ ದುಂಬಿಯೂ ತೊಟ್ಟಿಗೆ ಬೀಳುವುದಿಲ್ಲ, ಅಕ್ಕಪಕ್ಕದ ಹುಲ್ಲಿನಲ್ಲೇ ಇಳಿಯುತ್ತವೆ. ಹಾಗಾಗಿ ಬಲೆಯನ್ನು ಗ್ರೀನ್ ಪಕ್ಕ ಇಡಬಾರದು. ಕ್ಲಬ್ ಕಟ್ಟಡದ ದೀಪ, ಹೊಡೆತದ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನ ದೊಡ್ಡ ದೀಪಗಳ ಸುತ್ತಲಿನ ಹುಲ್ಲನ್ನು ಜುಲೈನಲ್ಲಿ ಮೊದಲು ತೋಡಿ ನೋಡುವುದೂ ಇದೇ ಕಾರಣಕ್ಕೆ.

ತೋಡುವುದು ಹೇಗೆ? ಇದಕ್ಕೆ ಬೇಕಾದ ಸಾಧನ ಪ್ರತಿ ಗಾಲ್ಫ್ ಮೈದಾನದಲ್ಲೂ ಆಗಲೇ ಇದೆ: ಗ್ರೀನ್ ಮೇಲೆ ಚೆಂಡಿನ ಗುಳಿ ಕೊರೆಯುವ ಹೋಲ್ ಕಟರ್. ಗುಳಿಯ ಅಡ್ಡಳತೆ ಜಗತ್ತಿನ ಎಲ್ಲ ಕಡೆಯೂ ಒಂದೇ, 4.25 ಇಂಚು. ಆ ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿದರೆ ಸರಿಸುಮಾರು ಒಂದು ಚದರಡಿಯ ಹತ್ತನೇ ಒಂದು ಭಾಗ. ಅಂದರೆ ಒಂದು ಗುಳಿಯಲ್ಲಿ ಒಂದು ಹುಳ ಸಿಕ್ಕರೆ ಚದರಡಿಗೆ ಹತ್ತು ಎಂದು ಅರ್ಥ. ಆಟಕ್ಕೆಂದು ಮಾಡಿದ ಅಳತೆ ನಮ್ಮ ಲೆಕ್ಕಕ್ಕೆ ಇಷ್ಟು ಸರಿಯಾಗಿ ಕೂತಿರುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ನಾನು ಫೇರ್‌ವೇಯಲ್ಲಿ ಇಪ್ಪತ್ತು ಹೆಜ್ಜೆಗೊಂದು ಗುಳಿ ಕೊರೆಯುತ್ತೇನೆ. ಅಂಕುಡೊಂಕಾಗಿ ನಡೆಯುತ್ತೇನೆ, ಒಂದೇ ಸಾಲಿನಲ್ಲಿ ಅಲ್ಲ. ಕೊರೆದ ಮಣ್ಣಿನ ಬಿಲ್ಲೆಯನ್ನು ಒಂದು ಗೋಣಿತಟ್ಟಿನ ಮೇಲೆ ಒಡೆದು, ಬೇರಿನ ಎಳೆಗಳನ್ನು ಬೆರಳಲ್ಲಿ ಬಿಡಿಸಿ ನೋಡುತ್ತೇನೆ. ಜುಲೈ ಹುಳ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ತಲೆ ಕಂದು, ಮೈ ಹಾಲಿನ ಬಣ್ಣ. ಅವಸರ ಮಾಡಿದರೆ ಕಣ್ಣು ತಪ್ಪಿಸುತ್ತದೆ. ನೋಡಿ ಮುಗಿದ ಮೇಲೆ ಬಿಲ್ಲೆಯನ್ನು ವಾಪಸ್ ಕೂರಿಸಿ, ಕಾಲಲ್ಲಿ ಒತ್ತಿ, ಒಂದು ಮಗ್ ನೀರು ಹಾಕಿದರೆ ವಾರದಲ್ಲಿ ಗುರುತೇ ಸಿಗುವುದಿಲ್ಲ.

ಒಂದು ಲೆಕ್ಕ: ಇಪ್ಪತ್ತು ಗುಳಿಗಳಲ್ಲಿ ಒಟ್ಟು ಆರು ಹುಳ ಸಿಕ್ಕವು ಅನ್ನಿ. ಗುಳಿಗೆ 0.3. ಹತ್ತರಿಂದ ಗುಣಿಸಿದರೆ ಚದರಡಿಗೆ 3. ಇದು ಜಾಸ್ತಿಯೋ ಕಡಿಮೆಯೋ? ಅಮೆರಿಕದಲ್ಲಿ ಜಪಾನೀಸ್ ಬೀಟಲ್ ಎಂಬ ಸಣ್ಣ ಜಾತಿಗೆ ಚದರಡಿಗೆ ಎಂಟರಿಂದ ಹತ್ತು ಹುಳ ಕಂಡರೆ ಮಾತ್ರ ಮದ್ದು ಎನ್ನುವ ರೂಢಿ ಇದೆ. ದೊಡ್ಡ ಹುಳದ ಜಾತಿಗಳಿಗೆ ಅದು ಮೂರರಿಂದ ಐದಕ್ಕೆ ಇಳಿಯುತ್ತದೆ. ನಮ್ಮ ಹುಳವೂ ದೊಡ್ಡದೇ. ಹಾಗಾಗಿ ಮೂರು ಎಂದರೆ ನಾನು ಎಚ್ಚರವಾಗುತ್ತೇನೆ. ಆದರೆ ಈ ಸಂಖ್ಯೆ ಶಾಸನ ಅಲ್ಲ. ಬೇರು ಆಳಕ್ಕಿಳಿದಿರುವ ಜಾಗದಲ್ಲಿ ಐದಿದ್ದರೂ ಹುಲ್ಲು ತಡೆದುಕೊಳ್ಳುತ್ತದೆ. ಕಾಡುಹಂದಿ ಬರುವ ಮೈದಾನದಲ್ಲಿ ಎರಡಿದ್ದರೂ ಕಷ್ಟ. ಹುಳ ಮಾಡಿದ್ದಕ್ಕಿಂತ ಹುಳ ತಿನ್ನಲು ಬಂದ ಹಂದಿ ಒಂದೇ ರಾತ್ರಿಯಲ್ಲಿ ಮಾಡುವ ಹಾನಿ ಹೆಚ್ಚು.

ಸಿಕ್ಕ ಹುಳ ಯಾವ ಜಾತಿ ಎಂದು ತಿಳಿಯುವುದೂ ಮುಖ್ಯ. ಒಂದು ಸಣ್ಣ ಭೂತಗನ್ನಡಿ ಸಾಕು. ಹುಳವನ್ನು ಮಗುಚಿ, ಬಾಲದ ತುದಿಯ ಕೆಳಭಾಗ ನೋಡಿ. ಅಲ್ಲಿ ಸಣ್ಣ ಗಟ್ಟಿ ಕೂದಲುಗಳಿರುತ್ತವೆ. ಅವು ಕೂತಿರುವ ರೀತಿ ಒಂದೊಂದು ಜಾತಿಗೆ ಒಂದೊಂದು ಬಗೆ, ಬೆರಳಚ್ಚಿನ ಹಾಗೆ. ಜಪಾನೀಸ್ ಬೀಟಲ್‌ಗೆ ಇಂಗ್ಲಿಷಿನ 'ವಿ' ಅಕ್ಷರದ ಆಕಾರ. ಗೊಬ್ಬರದ ಗುಂಡಿಯಲ್ಲಿ ಸಿಗುವ ದಪ್ಪ ಹುಳವೂ ನೋಡಲು ಹೀಗೇ ಇರುತ್ತದೆ, ಆದರೆ ಅದು ಕೊಳೆತದ್ದನ್ನು ತಿಂದು ಬದುಕುವಂಥದ್ದು, ಬೇರಿನ ತಂಟೆಗೆ ಹೋಗುವುದಿಲ್ಲ. ಅದನ್ನು ಕಂಡು ಹೆದರಿ ಮದ್ದು ಹೊಡೆದರೆ ಹಣವೂ ದಂಡ, ಮಣ್ಣೂ ಹಾಳು.

ಎಲೆ ತಿನ್ನುವ ಹುಳಗಳ ವಿಷಯ ಬೇರೆ. ಅವುಗಳದ್ದು ತಿಂಗಳ ಲೆಕ್ಕ ಅಲ್ಲ, ದಿನದ ಲೆಕ್ಕ. ಸೈನಿಕ ಹುಳ, ನಮ್ಮ ರೈತರ ಬಾಯಲ್ಲಿ ಲದ್ದಿ ಹುಳ, ಮಳೆಗಾಲದಲ್ಲಿ ಒಮ್ಮೆಲೇ ಏಳುತ್ತದೆ. 2018ರಲ್ಲಿ ಭಾರತದಲ್ಲಿ ಮೊದಲು ಗುರುತಾದ, ಅದೂ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಗುರುತಾದ ಫಾಲ್ ಸೈನಿಕ ಹುಳಕ್ಕೆ ಬರ್ಮುಡಾ ಹುಲ್ಲೂ ಪ್ರಿಯವೇ. 2021ರಲ್ಲಿ ಅಮೆರಿಕದ ಪೂರ್ವ ಭಾಗದ ಎಷ್ಟೋ ಲಾನ್‌ಗಳನ್ನು, ಮೈದಾನಗಳನ್ನು ಅದು ಬೋಳು ಮಾಡಿತು. ಅದರ ಚಿಟ್ಟೆ ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ಮೇಲೆ ನಸುಗಂದು ಬಣ್ಣದ ರೋಮ ಹೊದಿಸುತ್ತದೆ. ಹುಲ್ಲಿನ ಮೇಲೆ ಮಾತ್ರ ಅಲ್ಲ, ದೀಪದ ಕಂಬ, ಗೋಡೆ, ಗುಳಿಯ ಬಾವುಟದ ಬಟ್ಟೆ ಎಲ್ಲಿ ಬೇಕಾದರೂ ಅಂಟಿಸಿಬಿಡುತ್ತದೆ. ಬೆಳಗ್ಗೆ ಬಾವುಟ ಬದಲಿಸುವ ಹುಡುಗರಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು, ಆಮೇಲೆ ಅವರೇ ಬಂದು ಹೇಳುತ್ತಾರೆ. ಮರಿಯಾಗಿದ್ದಾಗ ಅದು ತಿನ್ನುವುದು ಕಣ್ಣಿಗೇ ಬೀಳದಷ್ಟು. ತಿನ್ನುವುದರ ಬಹುಪಾಲು ಕೊನೆಯ ಕೆಲವು ದಿನಗಳಲ್ಲಿ. ಶುಕ್ರವಾರ ಚೆನ್ನಾಗಿದ್ದ ಹುಲ್ಲು ಸೋಮವಾರ ಕಂದಾಗುವುದು ಹೀಗೆ.

ಇವನ್ನು ಹುಡುಕಲು ತೋಡಬೇಕಿಲ್ಲ. ಪಾತ್ರೆ ತೊಳೆಯುವ ದ್ರವ ಸೋಪು ಎರಡು ಚಮಚ ತೆಗೆದುಕೊಳ್ಳಿ, ಸುಮಾರು 30 ಮಿಲಿ. ಒಂದು ಬಕೆಟ್ ನೀರಿಗೆ, ಅಂದರೆ ಏಳೆಂಟು ಲೀಟರಿಗೆ, ಬೆರೆಸಿ. ಒಂದು ಚದರ ಮೀಟರ್ ಹುಲ್ಲಿನ ಮೇಲೆ ನಿಧಾನವಾಗಿ ಸುರಿಯಿರಿ. ಆಮೇಲೆ ಪಕ್ಕದಲ್ಲಿ ಕೂತು ಸುಮ್ನೆ ನೋಡಿ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಮೊದಲು ಹೊರಬರುವುದು ಎರೆಹುಳ. ಅಷ್ಟರಲ್ಲಿ ಹುಲ್ಲಿನ ಬುಡ ಅಲುಗಾಡುತ್ತದೆ, ಒಂದು ಬೂದು ಬಣ್ಣದ ತಲೆ ಮೇಲೆ ಬರುತ್ತದೆ, ಹಿಂದೆಯೇ ಇನ್ನೊಂದು. ಸೋಪು ಅವುಗಳ ಮೈಗೆ ಉರಿ ಹಚ್ಚುವುದರಿಂದ ಅಡಗಿದ ಜಾಗದಲ್ಲಿ ಇರಲಾಗುವುದಿಲ್ಲ. ಐದು ಹತ್ತು ನಿಮಿಷದಲ್ಲಿ ಎಣಿಕೆ ಮುಗಿಯುತ್ತದೆ. ಬಿಸಿಲಿದ್ದರೆ ಆಮೇಲೆ ಒಳ್ಳೆ ನೀರು ಹಾಕಿ ಸೋಪು ತೊಳೆಯಬೇಕು, ಇಲ್ಲದಿದ್ದರೆ ಹುಲ್ಲು ಸುಡುತ್ತದೆ.

ರಾತ್ರಿ ಹೊತ್ತು ಹುಲ್ಲಿನ ಬುಡ ಕತ್ತರಿಸುವ ಕಪ್ಪು ಕಟ್‌ವರ್ಮ್ ಕೂಡ ಈ ಸೋಪು ನೀರಿಗೆ ಹೊರಬರುತ್ತದೆ. ಹಗಲಿನಲ್ಲಿ ಅದು ಗ್ರೀನ್‌ನಲ್ಲಿ ಗಾಳಿಯಾಡಲು ಕೊರೆದ ತೂತುಗಳಲ್ಲೇ ಅಡಗಿರುತ್ತದೆ. ಅದರ ಚಿಟ್ಟೆ ಮೊಟ್ಟೆ ಇಡುವುದು ಎಲೆಯ ತುದಿಯಲ್ಲಿ. ಗ್ರೀನ್ ಅನ್ನು ದಿನಾ ಕತ್ತರಿಸುವುದರಿಂದ ಬಹುಪಾಲು ಮೊಟ್ಟೆ ಹುಲ್ಲಿನ ತುಣುಕುಗಳ ಜೊತೆ ಬುಟ್ಟಿ ಸೇರುತ್ತದೆ. ಆದರೆ ಆ ಬುಟ್ಟಿಯನ್ನು ಗ್ರೀನ್ ಪಕ್ಕದ ಪೊದೆಗೆ ಸುರಿದರೆ? ಮೊಟ್ಟೆ ಅಲ್ಲೇ ಒಡೆದು ಹುಳ ರಾತ್ರಿ ವಾಪಸ್ ನಡೆದು ಬರುತ್ತದೆ. ತುಣುಕುಗಳನ್ನು ದೂರ ಒಯ್ದು ಹಾಕುವುದು ಒಂದು ರೂಪಾಯಿ ಖರ್ಚಿಲ್ಲದ ಕೀಟ ನಿಯಂತ್ರಣ.

ಸಮಯ ನೋಡಿ ಕೆಲಸ ಮಾಡುವುದನ್ನು ಅತಿ ಚೆನ್ನಾಗಿ ರೂಢಿಸಿಕೊಂಡಿರುವವರು ಅಮೆರಿಕದ ಈಶಾನ್ಯ ರಾಜ್ಯಗಳ ಗಾಲ್ಫ್ ಮೈದಾನದವರು. ಅಲ್ಲಿ ಆನ್ಯುವಲ್ ಬ್ಲೂಗ್ರಾಸ್ ವೀವಿಲ್ ಎಂಬ ಮೂರು ನಾಲ್ಕು ಮಿಲಿಮೀಟರಿನ ಮೂತಿ ಹುಳದ ಕಾಟ ವಿಪರೀತ. ಅದು ಚಳಿಗಾಲವನ್ನು ಮೈದಾನದಂಚಿನ ಮರಗಳ ತರಗೆಲೆಯಡಿ ಕಳೆದು, ವಸಂತದಲ್ಲಿ ಹೊರಬಂದು ಗಿಡ್ಡ ಹುಲ್ಲಿನತ್ತ ಹೊರಡುತ್ತದೆ. ಯಾವ ದಿನ ಹೊರಡುತ್ತದೆ ಎಂದು ಕ್ಯಾಲೆಂಡರ್ ಹೇಳುವುದಿಲ್ಲ, ಒಂದು ವರ್ಷ ಬೇಗ, ಒಂದು ವರ್ಷ ತಡ. ಆದರೆ ಫೊರ್ಸಿತಿಯಾ ಎಂಬ ಹಳದಿ ಹೂವಿನ ಗಿಡ ಹೇಳುತ್ತದೆ. ಅದರ ಹೂ ಉದುರಿ, ಎಲೆ ಚಿಗುರಿ, ಗಿಡ ಅರ್ಧ ಚಿನ್ನ ಅರ್ಧ ಹಸಿರಾಗಿ ಕಂಡಾಗ ಮೂತಿ ಹುಳ ಹುಲ್ಲಿಗೆ ಬಂದಿರುತ್ತದೆ. ರೋಡೊಡೆಂಡ್ರಾನ್ ಎಂಬ ಇನ್ನೊಂದು ಹೂಗಿಡ ಅರಳಿದಾಗ ಅದರ ಮರಿಗಳು ಹುಲ್ಲಿನ ಕಾಂಡ ಬಿಟ್ಟು ಬುಡದ ಮಣ್ಣಿಗೆ ಇಳಿಯುತ್ತಿರುತ್ತವೆ.

ಇದರಲ್ಲಿ ಮಂತ್ರ ಏನೂ ಇಲ್ಲ. ಹೂವೂ ಹುಳವೂ ಬೆಳೆಯುವುದು ಶಾಖದ ಲೆಕ್ಕದಲ್ಲಿ. ಒಂದು ದಿನದ ಗರಿಷ್ಠ 22 ಡಿಗ್ರಿ, ಕನಿಷ್ಠ 10 ಡಿಗ್ರಿ ಇದ್ದರೆ ಸರಾಸರಿ 16. ಹುಳದ ಬೆಳವಣಿಗೆ 10 ಡಿಗ್ರಿಗಿಂತ ಮೇಲೆ ಮಾತ್ರ ಎಂದು ಹಿಡಿದರೆ ಆ ದಿನದ ಜಮೆ 6. ದಿನಾ ಹೀಗೆ ಕೂಡಿಸುತ್ತಾ ಹೋದರೆ ಒಂದು ನಿರ್ದಿಷ್ಟ ಮೊತ್ತಕ್ಕೆ ಮೊಟ್ಟೆ ಒಡೆಯುತ್ತದೆ, ಇನ್ನೊಂದು ಮೊತ್ತಕ್ಕೆ ಹೂ ಅರಳುತ್ತದೆ. ಹೂ ನಮಗೆ ಕಾಣುತ್ತದೆ, ಹುಳ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಬಯಲಿನಲ್ಲಿ ಶಾಖಕ್ಕೆ ಕೊರತೆ ಇಲ್ಲ, ಆದ್ದರಿಂದ ಗೊಣ್ಣೆ ಹುಳದ ಗಡಿಯಾರಕ್ಕೆ ಕೀಲಿ ಕೊಡುವುದು ಮಳೆ. ನಮ್ಮವರು ಮಳೆಗಳಿಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆಯ ಲೆಕ್ಕ ಇಟ್ಟುಕೊಂಡ ಹಾಗೆ, ಮೈದಾನದವರೂ ಯಾವ ಮಳೆಗೆ ದುಂಬಿ ಎದ್ದಿತು ಎಂದು ವರ್ಷ ವರ್ಷ ಬರೆದಿಡಬೇಕು. ಐದು ವರ್ಷದ ಬರಹ ಯಾವ ಮದ್ದಿನ ಡಬ್ಬಿಗಿಂತಲೂ ಹೆಚ್ಚು ಬೆಲೆಬಾಳುತ್ತದೆ.

ಆ ಮೂತಿ ಹುಳದಿಂದ ಇನ್ನೊಂದು ಪಾಠವೂ ಇದೆ. ಅಲ್ಲಿನವರು ವರ್ಷಗಟ್ಟಲೆ ಪೈರೆಥ್ರಾಯ್ಡ್ ಎಂಬ ಒಂದೇ ಗುಂಪಿನ ಮದ್ದನ್ನು ಸಲ ಸಲಕ್ಕೂ ಹೊಡೆದರು. ಪ್ರತಿ ಸಲವೂ ತಡೆದುಕೊಂಡ ನಾಲ್ಕು ಹುಳ ಉಳಿದು, ಅವುಗಳ ಮಕ್ಕಳೇ ಮೈದಾನ ತುಂಬಿದವು. ಈಗ ಹಲವು ಕಡೆ ಆ ಮದ್ದಿಗೆ ಹುಳ ಜಗ್ಗುವುದಿಲ್ಲ. ಲೇಬಲ್ ಮೇಲೆ ಮದ್ದಿನ ಗುಂಪಿನ ಸಂಖ್ಯೆ ಇದ್ದರೆ ಅದನ್ನು ನೋಡಿ ಬದಲಾಯಿಸಬೇಕು. ಹೆಸರು ಬೇರೆಯಾದ ಮಾತ್ರಕ್ಕೆ ಮದ್ದು ಬೇರೆಯಾಗುವುದಿಲ್ಲ.

ಮದ್ದಿನ ಬಳಕೆಯಲ್ಲಿ ತಪ್ಪುವುದು ಹೆಚ್ಚಾಗಿ ನೀರಿನ ವಿಷಯದಲ್ಲಿ. ಗೊಣ್ಣೆ ಹುಳ ಬೇರಿನಲ್ಲಿದೆ. ಮದ್ದು ಎಲೆಯ ಮೇಲೇ ಒಣಗಿದರೆ ಪ್ರಯೋಜನ ಇಲ್ಲ. ಹುಲ್ಲಿನ ಬುಡದಲ್ಲಿ ಸತ್ತ ಕಾಂಡ, ಬೇರು ಸೇರಿ ಸ್ಪಂಜಿನಂಥ ಒಂದು ಪದರ ಇರುತ್ತದೆ, ಥ್ಯಾಚ್ ಎನ್ನುತ್ತಾರೆ. ಅದು ಮದ್ದನ್ನು ಹೀರಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಸಿಂಪಡಿಸಿದ ತಕ್ಷಣ ಸುಮಾರು 12 ಮಿಲಿಮೀಟರ್ ನೀರು ಕೊಟ್ಟು ಕೆಳಗೆ ಇಳಿಸಬೇಕು. ಲದ್ದಿ ಹುಳಕ್ಕೆ ಇದರ ತದ್ವಿರುದ್ಧ: ಸಂಜೆ ಸಿಂಪಡಿಸಿ, ರಾತ್ರಿಯಿಡೀ ಎಲೆಯ ಮೇಲೆ ಇರಲು ಬಿಡಬೇಕು. ಕ್ಲೋರಾಂಟ್ರನಿಲಿಪ್ರೋಲ್‌ನಂಥ ನಿಧಾನದ ಮದ್ದಾದರೆ ಗೊಣ್ಣೆ ಹುಳದ ಮೊಟ್ಟೆ ಒಡೆಯುವ ಮೊದಲೇ ಮಣ್ಣಿನಲ್ಲಿರಬೇಕು. ಒಂದು ಕಾಲಕ್ಕೆ ಎಲ್ಲರೂ ಎರಚುತ್ತಿದ್ದ ಫೋರೇಟ್ ಹರಳನ್ನು ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆ ದಾಸ್ತಾನು ಯಾವ ಮೂಲೆಯಲ್ಲಿದ್ದರೂ ಮುಟ್ಟಬೇಡಿ. ಮಾಲಿಗಳು ಬರಿಗಾಲಲ್ಲಿ ಓಡಾಡುತ್ತಾರೆ, ಆಟಗಾರರ ಚೀಲ ಹೊರುವ ಕ್ಯಾಡಿಗಳು ಚೆಂಡು ಒರೆಸಿ ಅದೇ ಕೈಯಲ್ಲಿ ತಿಂಡಿ ತಿನ್ನುತ್ತಾರೆ. ಸಿಂಪಡಿಸಿದ ಜಾಗಕ್ಕೆ ಲೇಬಲ್ ಹೇಳಿದಷ್ಟು ಹೊತ್ತು ಯಾರನ್ನೂ ಬಿಡಬಾರದು. ಇನ್ನು ಅಂಚಿನ ಉದ್ದ ಹುಲ್ಲಿರುವ ರಫ್‌ನಲ್ಲಿ ಮುಟ್ಟಿದರೆ ಮುನಿ ಹೂ ಬಿಟ್ಟಿದ್ದರೆ ಬೆಳಗ್ಗೆ ಜೇನು ತುಂಬಿರುತ್ತದೆ. ಮೊದಲು ಹೂ ಕತ್ತರಿಸಿ, ಆಮೇಲೆ ಮದ್ದು.

ನನಗೆ ಜೀವಿಗಳಿಂದಲೇ ಮಾಡುವ ನಿಯಂತ್ರಣದ ಮೇಲೆ ಹೆಚ್ಚು ಒಲವು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಗೊಣ್ಣೆ ಹುಳಕ್ಕೆಂದೇ ಹೆಟೆರೊರ್‍ಹ್ಯಾಬ್ಡೈಟಿಸ್ ಇಂಡಿಕಾ ಎಂಬ ನೆಮಟೋಡ್‌ನ ಪುಡಿಯನ್ನು ತಯಾರಿಸಿದೆ. ಇವು ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಜೀವಿಗಳು. ಹುಳದ ಮೈಯೊಳಗೆ ಹೊಕ್ಕು, ತಮ್ಮ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಬಿಡುತ್ತವೆ. ಒಂದೆರಡು ದಿನದಲ್ಲಿ ಹುಳ ಸಾಯುತ್ತದೆ. ಸತ್ತ ಹುಳ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಗುಳಿ ಕೊರೆದಾಗ ಥಟ್ಟನೆ ಗುರುತು ಸಿಗುತ್ತದೆ. ಬಿಸಿಲು ತಾಗಿದರೆ ನೆಮಟೋಡ್ ಸಾಯುತ್ತದೆ, ಆದ್ದರಿಂದ ಸಂಜೆ, ನೆನೆದ ಮಣ್ಣಿಗೆ, ಪಂಪಿನ ಸಣ್ಣ ಜಾಲರಿ ತೆಗೆದು ಹಾಕಬೇಕು. ಮೆಟಾರೈಜಿಯಂ ಎಂಬ ಶಿಲೀಂಧ್ರವೂ ಒಳ್ಳೆಯದೇ. ಅದು ತಗುಲಿ ಸತ್ತ ಹುಳದ ಮೇಲೆ ಪಾಚಿಯಂಥ ಹಸಿರು ಪುಡಿ ಬೆಳೆದಿರುತ್ತದೆ. ಎರಡೂ ಸಣ್ಣ ಹುಳದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ಇಲ್ಲೂ ಜುಲೈ ತಪ್ಪಿದರೆ ಕಷ್ಟ.

ಯಾವುದನ್ನೇ ಹಾಕಿ, ಹಾಕುವ ದಿನ ಒಂದು ಹಳೆ ಪ್ಲೈವುಡ್ ಹಲಗೆಯನ್ನು ಫೇರ್‌ವೇ ಮೇಲೆ ಮಲಗಿಸಿ, ಸಿಂಪಡಿಸಿದ ಕೂಡಲೇ ಎತ್ತಿಬಿಡಿ. ಅಷ್ಟು ಜಾಗಕ್ಕೆ ಮದ್ದು ಬಿದ್ದಿರುವುದಿಲ್ಲ. ನಾಲ್ಕು ಮೂಲೆಗೂ ಒಂದೊಂದು ಗೂಟ ಹೊಡೆದು ಗುರುತು ಮಾಡಿ. ನಾಲ್ಕು ವಾರ ಬಿಟ್ಟು ಹಲಗೆ ಇದ್ದ ಜಾಗದಲ್ಲಿ ಐದು ಗುಳಿ, ಪಕ್ಕದಲ್ಲಿ ಐದು ಗುಳಿ ಕೊರೆದು ಎಣಿಸಿ. ಎರಡೂ ಕಡೆ ಒಂದೇ ಲೆಕ್ಕ ಬಂದರೆ ಖರ್ಚು ಮಾಡಿದ ಮದ್ದು ಹುಳಕ್ಕೆ ತಲುಪಿಲ್ಲ. ಪಕ್ಕದಲ್ಲಿ ಸೊನ್ನೆ, ಹಲಗೆಯಡಿಯಲ್ಲಿ ನಾಲ್ಕು ಬಂದರೆ ಸರಿಯಾದ ವಾರದಲ್ಲೇ ಹಾಕಿದ್ದೀರಿ. ಆ ವಾರದ ತಾರೀಕನ್ನೂ, ಆ ವರ್ಷ ದುಂಬಿ ಎದ್ದ ಮಳೆಯ ತಾರೀಕನ್ನೂ ಪುಸ್ತಕದ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದಿಡಿ.